ಹುರುಳಿ, ಅವರೆ ಮತ್ತು ಜೀವಕೋಶದ ಗುರುತು: ಬೆಂಗಳೂರು ಗ್ರಾಮಾಂತರದ ಕಾಳುಗಳ ಎರಡು ಚರಿತ್ರೆಗಳು

ಬೆಂಗಳೂರು ಸುತ್ತಿನ ಒಣಬೇಸಾಯದ ಸಂಸ್ಕೃತಿಯನ್ನು ಕುರಿತ ಅಧ್ಯಯನಗಳಲ್ಲಿ ರಾಗಿಗೆ ಸಂದಿರುವ ಗಮನ ಅದರ ಮಗ್ಗುಲಲ್ಲೇ ಬೆಳೆಯುವ ಕಾಳುಗಳಿಗೆ ಸಂದಿರುವುದು ಕಡಿಮೆ. ರಾಗಿಯ ಸುತ್ತ ಬೀಸುವ ಪದಗಳಿವೆ, ಕಣದ ಆಚರಣೆಗಳಿವೆ. ಅದನ್ನು ಭತ್ತದ ಎದುರು ನಿಲ್ಲಿಸಿ ಗೆಲ್ಲಿಸಿದ ಕನಕದಾಸರ ‘ರಾಮಧಾನ್ಯ ಚರಿತೆ’ಯಿದೆ. ಹುರುಳಿ, ಅವರೆ, ಕಡಲೆಕಾಯಿ, ಹರಳು, ಹಲಸಿನ ಬೀಜ ಇವು ಹೊಲದ ಅಂಚಿನಲ್ಲಿ, ಬದುವಿನ ಮೇಲೆ, ಹಿತ್ತಲಿನಲ್ಲಿ ಬೆಳೆದಂತೆ ಬರೆಹದಲ್ಲಿಯೂ ಅಂಚಿನಲ್ಲಿಯೇ ಉಳಿದವು. ಆದರೆ 20ನೆಯ ಶತಮಾನದ ಜೀವವಿಜ್ಞಾನದಲ್ಲಿ ಇದೇ ಅಂಚಿನ ಬೀಜಗಳಿಗೆ ಬೇರೊಂದು ಸ್ಥಾನ ದೊರೆಯಿತು. ಒಂದು ಜೀವಕೋಶವು ಮತ್ತೊಂದನ್ನು ಹೇಗೆ ಗುರುತಿಸುತ್ತದೆ, ದೇಹವು ತನ್ನದನ್ನೂ ಅನ್ಯವನ್ನೂ ಹೇಗೆ ಬೇರ್ಪಡಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರ ಕೈಯಲ್ಲಿದ್ದ ಮುಖ್ಯ ಸಾಧನಗಳಲ್ಲಿ ಹುರುಳಿ ಒಂದು, ಕಡಲೆಕಾಯಿ ಒಂದು, ಹಲಸಿನ ಬೀಜ ಒಂದು. ಅಡುಗೆಮನೆಯ ಚರಿತ್ರೆ ಹಾಗೂ ಪ್ರಯೋಗಶಾಲೆಯ ಚರಿತ್ರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1986ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ ರೂಪುಗೊಂಡ ಬೆಂಗಳೂರು ಗ್ರಾಮಾಂತರದಿಂದ 2007ರಲ್ಲಿ ರಾಮನಗರ ಬೇರ್ಪಟ್ಟ ಮೇಲೆ ಉಳಿದವು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು. ಕೆಂಪುಮಣ್ಣಿನ, ಕೆರೆ ಮತ್ತು ಮಳೆಯನ್ನು ನಂಬಿದ ಈ ಸೀಮೆಯ ಬೇಸಾಯದ ಮುಖ್ಯ ಲಕ್ಷಣ ಅಕ್ಕಡಿ ಸಾಲು. ರಾಗಿಯ ಸಾಲುಗಳ ನಡುವೆ ನಿಶ್ಚಿತ ಅಂತರದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳಗಳನ್ನು ಇಡುವ ಈ ಕ್ರಮದಲ್ಲಿ ಒಂದು ಬೆಳೆ ಕೈಕೊಟ್ಟರೆ ಮತ್ತೊಂದು ಮನೆಯನ್ನು ಸಾಕುತ್ತದೆ. ಹೊಲದ ಅಂಚಿಗೆ ಹರಳುಗಿಡ. ಮುಂಗಾರು ತಪ್ಪಿದ ವರ್ಷ, ಬೇರೇನೂ ಬಾರದ ನೆಲಕ್ಕೆ, ತಡವಾಗಿಯಾದರೂ ಎರಚಬಹುದಾದ ಕಾಳೆಂದರೆ ಹುರುಳಿ.

ಮೊದಲಿಗೆ ವಿಜ್ಞಾನದ ವಿಷಯವನ್ನು ಸ್ಥೂಲವಾಗಿ ತಿಳಿಯುವುದು ಅವಶ್ಯಕ. ಪ್ರತಿಯೊಂದು ಜೀವಕೋಶದ ಹೊರಮೈಯ ಮೇಲೆ ಸಕ್ಕರೆಯ ಅಣುಗಳು ಸರಪಳಿಗಳಾಗಿ, ಕವಲುಗಳಾಗಿ ಚಾಚಿಕೊಂಡಿರುತ್ತವೆ. ಇಲ್ಲಿ ಸಕ್ಕರೆ ಎಂದರೆ ಕಬ್ಬಿನ ಸಕ್ಕರೆಯಲ್ಲ. ಗ್ಯಾಲಕ್ಟೋಸ್, ಮ್ಯಾನೋಸ್, ಫ್ಯೂಕೋಸ್, ಸಯಾಲಿಕ್ ಆಮ್ಲ ಮುಂತಾದ ಹಲವು ಬಗೆಯ ಶರ್ಕರಗಳು. ಯಾವ ಶರ್ಕರ ಯಾವುದರೊಡನೆ ಯಾವ ಕ್ರಮದಲ್ಲಿ ಕೂಡಿದೆ ಎಂಬುದರಲ್ಲಿ ಆ ಕೋಶದ ಗುರುತು ಅಡಗಿದೆ. ಆ ಗುರುತನ್ನು ಓದಬಲ್ಲ ಪ್ರೋಟೀನುಗಳಿಗೆ ಲೆಕ್ಟಿನ್‌ಗಳೆಂದು ಹೆಸರು. ಕೋಶದ ಮೈಮೇಲೆಯೇ ನೆಲೆಸಿ ಎದುರಿನ ಕೋಶದ ಸಕ್ಕರೆಯನ್ನು ಹಿಡಿಯುವ ಲೆಕ್ಟಿನ್‌ಗಳು ಸಕ್ಕರೆಗ್ರಾಹಕಗಳು. ನಂಟಸ್ತನ ಬೆಳೆಸುವ ಮುನ್ನ ಹಿರಿಯರು ಎದುರಿನವರ ಬೆಡಗನ್ನು ಕೇಳಿ, ಅವರು ಅಣ್ಣತಮ್ಮಂದಿರೋ ಬೀಗರಾಗತಕ್ಕವರೋ ಎಂದು ನಿಶ್ಚಯಿಸುವ ಪದ್ಧತಿ ಈ ಸೀಮೆಯ ಅನೇಕ ಸಮುದಾಯಗಳಲ್ಲಿದೆ. ಹೊರಗೆ ಹೇಳಿದ ಒಂದು ಹೆಸರಿನಿಂದ ಒಳಗಿನ ಸಂಬಂಧವೆಲ್ಲ ತೀರ್ಮಾನವಾಗುವ ಆ ಕ್ರಮವನ್ನು ನೆನೆದರೆ ಜೀವಕೋಶಗಳ ವ್ಯವಹಾರ ಕೊಂಚ ಸುಲಭವಾಗಿ ತಿಳಿಯುತ್ತದೆ. ಇದು ಕೇವಲ ಹೋಲಿಕೆ. ಇದರಾಚೆಗೆ ಅದನ್ನು ಎಳೆಯುವುದು ಸಲ್ಲದು.

ಲೆಕ್ಟಿನ್‌ಗಳ ಚರಿತ್ರೆ ಪ್ರಾರಂಭವಾಗುವುದು ಹರಳಿನಿಂದ. 1888ರಲ್ಲಿ, ಇಂದಿನ ಎಸ್ಟೋನಿಯಾಕ್ಕೆ ಸೇರಿದ ಡೋರ್ಪಾಟ್ ವಿಶ್ವವಿದ್ಯಾನಿಲಯದಲ್ಲಿ ಪೀಟರ್ ಹರ್ಮನ್ ಸ್ಟಿಲ್‌ಮಾರ್ಕ್ ಎಂಬ ಸಂಶೋಧಕನು ಹರಳುಬೀಜದ ಸಾರವು ರಕ್ತದ ಕೆಂಪುಕಣಗಳನ್ನು ಗರಣೆಗಟ್ಟಿಸುವುದನ್ನು ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ವರದಿ ಮಾಡಿದನು. ಆ ವಿಷವಸ್ತುವಿಗೆ ರಿಸಿನ್ ಎಂದು ಹೆಸರಾಯಿತು. 1891ರಲ್ಲಿ ಪಾಲ್ ಎರ್ಲಿಕ್ ಇದನ್ನೂ ಗುಲಗಂಜಿಯ ವಿಷವಾದ ಅಬ್ರಿನ್ನನ್ನೂ ಅತ್ಯಲ್ಪ ಪ್ರಮಾಣದಲ್ಲಿ ಇಲಿಗಳಿಗೆ ಕೊಡುತ್ತ ಹೋಗಿ, ಅವು ಆ ವಿಷಕ್ಕೆ ನಿರೋಧಶಕ್ತಿಯನ್ನು ಪಡೆಯುವುದನ್ನು ತೋರಿಸಿದನು. ರೋಗನಿರೋಧಶಾಸ್ತ್ರದ ಮೂಲತತ್ತ್ವಗಳಲ್ಲಿ ಕೆಲವು ಈ ಎರಡು ಬೀಜಗಳ ಮೇಲಿನ ಪ್ರಯೋಗದಿಂದ ಬಂದವು. ಇವೆರಡೂ ಅಕ್ಕಸಾಲಿಗನ ತಕ್ಕಡಿಯಲ್ಲಿ, ಹೆರಿಗೆಯ ಮನೆಯ ಹರಳೆಣ್ಣೆಯಲ್ಲಿ ಹಳ್ಳಿಗರಿಗೆ ಚಿರಪರಿಚಿತವಾದವು. ಹರಳಿನ ವಿಷಯದಲ್ಲಿ ಒಕ್ಕಲಿನ ಜಾಣ್ಮೆ ಹಿಂಡಿಯ ಬಳಕೆಯಲ್ಲಿ ಕಾಣುತ್ತದೆ. ಗಾಣದಿಂದ ಬಂದ ಕಡಲೆಕಾಯಿ ಹಿಂಡಿ ದನದ ಬಾನಿಗೆ ಹೋಗುತ್ತದೆ. ಹರಳಿನ ಹಿಂಡಿ ಗೊಬ್ಬರವಾಗಿ ಹೊಲಕ್ಕೇ ಹೋಗುತ್ತದೆ. ವಿಷವು ಎಣ್ಣೆಯಲ್ಲಿ ಸೇರದೆ ಹಿಂಡಿಯಲ್ಲಿ ಉಳಿಯುತ್ತದೆ ಎಂಬ ಸಂಗತಿ ಈ ವಿಂಗಡಣೆಯ ಹಿಂದಿದೆ. ಹೆಸರಿಡದೆಯೂ ಪಾಲಿಸಬಹುದಾದ ಜ್ಞಾನಕ್ಕೆ ಇದು ಒಳ್ಳೆಯ ನಿದರ್ಶನ.

1900ರ ಹೊತ್ತಿಗೆ ಕಾರ್ಲ್ ಲ್ಯಾಂಡ್‌ಸ್ಟೈನರ್ ಮನುಷ್ಯರ ರಕ್ತದಲ್ಲಿ ಗುಂಪುಗಳಿರುವುದನ್ನು ಕಂಡುಕೊಂಡಿದ್ದನು. 1936ರಲ್ಲಿ ಜೇಮ್ಸ್ ಸಮ್ನರ್ ಮತ್ತು ಹೋವೆಲ್ ಕಾಡವರೆಯ ಜಾತಿಯ ಒಂದು ಬೀಜದ ಪ್ರೋಟೀನು ಕಣಗಳನ್ನು ಕೂಡಿಸುವ ಕೆಲಸವನ್ನು ಸಕ್ಕರೆಯ ದ್ರಾವಣವೊಂದು ತಡೆಯುವುದೆಂದು ತೋರಿಸಿದರು. ಬೀಜದ ಪ್ರೋಟೀನು ಹಿಡಿಯುವುದು ಸಕ್ಕರೆಯನ್ನೇ ಎಂಬುದಕ್ಕೆ ಇದು ಮೊದಲ ಸುಳಿವು. 1940ರ ದಶಕದ ಕೊನೆಯಲ್ಲಿ ಫಿನ್ಲೆಂಡಿನ ರೆಂಕೋನೆನ್, ಅಮೆರಿಕದ ವಿಲಿಯಂ ಬಾಯ್ಡ್ ಪ್ರತ್ಯೇಕವಾಗಿ, ಕೆಲವು ದ್ವಿದಳ ಬೀಜಗಳು ಒಂದು ಗುಂಪಿನ ರಕ್ತವನ್ನು ಮಾತ್ರ ಆಯ್ದು ಗರಣೆಗಟ್ಟಿಸುವುದನ್ನು ಕಂಡರು. ಆಯ್ದುಕೊಳ್ಳುವ ಈ ಗುಣದಿಂದಲೇ, ‘ಆರಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ, 1954ರಲ್ಲಿ ಬಾಯ್ಡ್ ಮತ್ತು ಶೇಪ್ಲಿ ಲೆಕ್ಟಿನ್ ಎಂಬ ಪದವನ್ನು ರೂಪಿಸಿದರು.

ಹುರುಳಿ ಈ ಚರಿತ್ರೆಯೊಳಕ್ಕೆ ಪ್ರವೇಶಿಸುವುದು ಇದೇ ಅವಧಿಯಲ್ಲಿ, ಅದೂ ಬೆಂಗಳೂರಿನ ಪುಟಗಳ ಮೂಲಕ. 1932ರಿಂದ ಬೆಂಗಳೂರಿನಿಂದ ಪ್ರಕಟವಾಗುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆಯ 1951ರ ಸಂಪುಟದಲ್ಲಿ, ಆಗ ಭಾರತದಲ್ಲಿ ರಕ್ತಸಂಶೋಧನೆಯಲ್ಲಿ ತೊಡಗಿದ್ದ ಜಿ. ಡಬ್ಲ್ಯೂ. ಜಿ. ಬರ್ಡ್ ಎರಡು ಪುಟಗಳ ಒಂದು ಟಿಪ್ಪಣಿಯನ್ನು ಪ್ರಕಟಿಸಿದರು. ಹುರುಳಿಯ ಸಾರ ಮನುಷ್ಯರ ಕೆಂಪುರಕ್ತಕಣಗಳನ್ನು ವಿಶಿಷ್ಟವಾಗಿ ಕೂಡಿಸುತ್ತದೆ ಎಂಬುದು ಅದರ ವಿಷಯ. ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಅವರು ಇನ್ನೂ ಸೂಕ್ಷ್ಮವಾದ ಸಂಗತಿಯನ್ನು ಸ್ಪಷ್ಟಪಡಿಸಿದರು. ಎ ಗುಂಪಿನ ರಕ್ತದಲ್ಲಿಯೇ ಎ1, ಎ2 ಎಂಬ ಉಪಗುಂಪುಗಳಿವೆ. ತಕ್ಕಷ್ಟು ತೆಳುವಾಗಿಸಿದ ಹುರುಳಿಯ ಸಾರವು ಎ1 ಕಣಗಳನ್ನು ಕೂಡಿಸುತ್ತದೆ, ಎ2 ಕಣಗಳನ್ನು ಬಿಡುತ್ತದೆ. ಹುರುಳಿಯ ಲೆಕ್ಟಿನ್ ಹಿಡಿಯುವುದು ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಎಂಬ ಶರ್ಕರವನ್ನು. ಎ1 ಕಣದ ಮೇಲೆ ಈ ಶರ್ಕರದ ತುದಿಗಳು ದಟ್ಟವಾಗಿರುತ್ತವೆ, ಎ2 ಕಣದ ಮೇಲೆ ವಿರಳವಾಗಿರುತ್ತವೆ. ಎ2 ಗುಂಪಿನ ಕೆಲವರ ರಕ್ತರಸದಲ್ಲಿ ಎ1 ಕಣಗಳಿಗೆ ಪ್ರತಿಕೂಲವಾದ ಪ್ರತಿಕಾಯಗಳಿರುವುದುಂಟಾದ್ದರಿಂದ, ರಕ್ತ ಹೊಂದಿಸುವ ಕೆಲಸದಲ್ಲಿ ಈ ಭೇದವನ್ನು ತಿಳಿಯಬೇಕಾಗುತ್ತದೆ. ರಕ್ತನಿಧಿಗಳಲ್ಲಿ ಇಂದಿಗೂ ಈ ಪರೀಕ್ಷೆಗೆ ಬಳಸುವ ದ್ರಾವಣ ಹುರುಳಿಯದೇ. ರಕ್ತದ ಗುಂಪನ್ನು ನಿರ್ಧರಿಸುವುದು ಸಕ್ಕರೆಯ ತುದಿಯೆಂಬುದನ್ನು 1950ರ ದಶಕದಲ್ಲಿ ವಾಲ್ಟರ್ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಸ್ಥಾಪಿಸುವಾಗಲೂ ಬೀಜಗಳ ಲೆಕ್ಟಿನ್‌ಗಳು ಅವರಿಗೆ ನೆರವಾದವು.

ಆದರೆ ರಕ್ತನಿಧಿಯ ಆ ಸೀಸೆಯ ಮೇಲೆ ಹುರುಳಿ ಎಂಬ ಹೆಸರಿಲ್ಲ. ಅಲ್ಲಿರುವುದು ‘ಡಾಲಿಕಸ್ ಬೈಫ್ಲೋರಸ್’. ವಿಚಿತ್ರವೆಂದರೆ ಸಸ್ಯಶಾಸ್ತ್ರಜ್ಞರು ಆ ಹೆಸರನ್ನು ಬಿಟ್ಟು ‘ಮ್ಯಾಕ್ರೋಟೈಲೋಮಾ ಯೂನಿಫ್ಲೋರಮ್’ ಎಂಬುದನ್ನು ಅಂಗೀಕರಿಸಿ ದಶಕಗಳೇ ಸಂದಿವೆ. ವಿಜ್ಞಾನವೇ ಕೈಬಿಟ್ಟ ಹೆಸರು ಸೀಸೆಯ ಮೇಲೆ ಉಳಿದಿದೆ, ಬೆಳೆದವರ ಬಾಯಲ್ಲಿರುವ ಹೆಸರು ಎಲ್ಲಿಯೂ ಇಲ್ಲ. ಹೆಸರಿನ ಗೊಂದಲ ಕನ್ನಡದ ಕಡೆಯಿಂದಲೂ ಇಲ್ಲದಿಲ್ಲ. ಈ ಸೀಮೆಯ ತೋಟಗಳಲ್ಲಿ ಬೆಳೆಯುವ ಹುರುಳಿಕಾಯಿ ಹುರುಳಿಯ ಕಾಯಲ್ಲ. ಅದು ಅಮೆರಿಕ ಖಂಡದಿಂದ ಬಂದ ಬೇರೊಂದು ಗಿಡ. ಆ ಗಿಡದ ಜಾತಿಯ ಕೆಂಪುಕಾಳಿನ ಲೆಕ್ಟಿನ್ನು, ನಿದ್ರಿಸುತ್ತಿರುವಂತಿದ್ದ ಬಿಳಿರಕ್ತಕಣಗಳನ್ನು ವಿಭಜನೆಗೆ ಎಬ್ಬಿಸುವುದೆಂದು 1960ರಲ್ಲಿ ಪೀಟರ್ ನೋವೆಲ್ ತೋರಿಸಿದ ಮೇಲೆ ನಿರೋಧಶಾಸ್ತ್ರದ ದಿಕ್ಕೇ ಬದಲಾಯಿತು.

ಹಳ್ಳಿಯ ಬದುಕಿನಲ್ಲಿ ಹುರುಳಿಯ ಸ್ಥಾನ ಬಡವರ ಮನೆಯದು, ಕೊಟ್ಟಿಗೆಯದು. ಕುದುರೆಗೆ ಹುರುಳಿ ಎಂಬುದು ಅದರ ಇಂಗ್ಲಿಷ್ ಹೆಸರಿನಲ್ಲಿಯೇ ಸೇರಿಹೋಗಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋರಿಗಳನ್ನು ಸಿದ್ಧಪಡಿಸುವವರು ಹುರುಳಿಯನ್ನು ನೆನೆಸಿ, ಬೇಯಿಸಿ ತಿನ್ನಿಸುತ್ತಾರೆ. ಮನೆಯೊಳಗೆ ಅದು ಮೊಳಕೆಕಾಳಿನ ಸಾರು, ಬಸ್ಸಾರು, ಹುರುಳಿಕಟ್ಟು. ಮೂತ್ರದ ಕಲ್ಲಿಗೆ ಹುರುಳಿಯ ಕಟ್ಟನ್ನು ಕುಡಿಸುವ ಮನೆಮದ್ದು ವ್ಯಾಪಕವಾಗಿದೆ. ಹುರುಳಿ ಬೆಳೆದ ನೆಲದಲ್ಲಿ ಮರುವರ್ಷ ರಾಗಿ ಚೆನ್ನಾಗಿ ಬರುತ್ತದೆಂಬ ಒಕ್ಕಲಿಗರ ಅನುಭವಕ್ಕೂ ಲೆಕ್ಟಿನ್‌ಗೂ ಸಂಬಂಧವುಂಟು. ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಸ್ಥಿರೀಕರಿಸುವ ಬ್ಯಾಕ್ಟೀರಿಯಾಗಳು ತಮ್ಮ ಗಿಡವನ್ನು, ಗಿಡವು ತನ್ನ ಬ್ಯಾಕ್ಟೀರಿಯಾವನ್ನು ಪರಸ್ಪರ ಗುರುತಿಸಬೇಕು. ಬ್ಯಾಕ್ಟೀರಿಯಾ ಕಳುಹಿಸುವ ಸಂಕೇತವೂ ಒಂದು ಬಗೆಯ ಸಕ್ಕರೆ ಸರಪಳಿಯೇ. ಹುರುಳಿಯ ಬೇರಿನಲ್ಲಿ ಅಂಥ ಸಂಕೇತವನ್ನು ಹಿಡಿಯುವ ಲೆಕ್ಟಿನ್ ಒಂದನ್ನು ಅಮೆರಿಕದ ಮ್ಯಾರಿಲಿನ್ ಎಟ್ಜ್ಲರ್ ಮತ್ತು ಸಂಗಡಿಗರು 1999ರಲ್ಲಿ ವರದಿ ಮಾಡಿದರು. ಮಿತ್ರನನ್ನು ಬರಮಾಡಿಕೊಳ್ಳುವುದಕ್ಕೂ ಗುರುತು ಬೇಕೆಂಬುದಕ್ಕೆ ಹುರುಳಿಯ ಬೇರು ಸಾಕ್ಷಿ.

ಕಡಲೆಕಾಯಿಯ ಚರಿತ್ರೆಯಲ್ಲಿಯೂ ಮೊದಲು ಕಾಣುವವರು ಬರ್ಡ್ ಅವರೇ. ಕೆಲವು ಬ್ಯಾಕ್ಟೀರಿಯಾಗಳ ಕಿಣ್ವವು ಕೆಂಪುಕಣದ ಹೊರತುದಿಯ ಸಯಾಲಿಕ್ ಆಮ್ಲವನ್ನು ಕತ್ತರಿಸಿಹಾಕಿದಾಗ ಒಳಗಿನ ಒಂದು ಜೋಡಿಸಕ್ಕರೆ ಬಯಲಾಗುತ್ತದೆ. ಇದಕ್ಕೆ ಟಿ ಪ್ರತಿಜನಕ ಎಂದು ಹೆಸರು. ಕಡಲೆಕಾಯಿಯ ಸಾರ ಈ ಬಯಲಾದ ಗುರುತನ್ನು ಹಿಡಿಯುವುದನ್ನು 1964ರಲ್ಲಿ ಬರ್ಡ್ ತೋರಿಸಿದರು. ಹಲವು ಬಗೆಯ ಕ್ಯಾನ್ಸರ್ ಕೋಶಗಳ ಮೇಲೆಯೂ ಅದೇ ಗುರುತು ತೆರೆದುಕೊಂಡಿರುವುದು ತಿಳಿದ ಮೇಲೆ ಕಡಲೆಕಾಯಿಯ ಲೆಕ್ಟಿನ್ ರೋಗಗ್ರಸ್ತ ಕೋಶಗಳ ಅಧ್ಯಯನದ ಉಪಕರಣವಾಯಿತು. ಅದರ ರಚನೆಯನ್ನು ಕ್ಷ-ಕಿರಣ ಸ್ಫಟಿಕಶಾಸ್ತ್ರದ ಮೂಲಕ 1994ರಲ್ಲಿ ಬಿಡಿಸಿ ತೋರಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ (1941–2022), ಅವಧೇಶ ಸುರೋಲಿಯಾ ಮತ್ತು ಸಂಗಡಿಗರು. ನಾಲ್ಕು ಉಪಘಟಕಗಳು ಅಂಥ ಪ್ರೋಟೀನುಗಳಲ್ಲಿ ನಿರೀಕ್ಷಿತವಾದ ಸಮಮಿತಿಯನ್ನು ಬಿಟ್ಟು ಜೋಡಣೆಗೊಂಡಿರುವುದು ಆ ರಚನೆಯ ವಿಶೇಷ. ಅದೇ ನಗರದ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಬೆಳೆಯನ್ನು ಮೇಯುತ್ತಿದ್ದ ಬಸವ ಕಲ್ಲಾದ ಕಥೆ ಅಲ್ಲಿಯದು. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆಯಾದ್ದರಿಂದ ಆ ಕಥೆಯ ಈಗಿನ ರೂಪವನ್ನು ಬಹಳ ಹಿಂದಕ್ಕೆ ಒಯ್ಯುವಂತಿಲ್ಲ ಎಂಬುದನ್ನು ಪ್ರಾಸಂಗಿಕವಾಗಿ ಇಲ್ಲಿ ಹೇಳಬಹುದು.

ಹಲಸಿಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೆಸರಾದ ಸ್ಥಳ. ಹಣ್ಣು ತಿಂದು ಉಳಿದ ಬೀಜವನ್ನು ಕೆಂಡದಲ್ಲಿ ಸುಟ್ಟು, ಇಲ್ಲವೆ ಸಾರಿಗೆ ಹಾಕಿ ಬಳಸುವುದು ರೂಢಿ. ಆ ಬೀಜದ ಲೆಕ್ಟಿನ್‌ಗೆ ಜಾಕಲಿನ್ ಎಂದು ಹೆಸರು. ದೇಹದ ಐಜಿಎ1 ಎಂಬ ಪ್ರತಿಕಾಯವನ್ನು ಅದು ಆಯ್ದು ಹಿಡಿಯುವುದರಿಂದ ಆ ಪ್ರತಿಕಾಯವನ್ನು ರಕ್ತರಸದಿಂದ ಬೇರ್ಪಡಿಸಲು ಪ್ರಯೋಗಶಾಲೆಗಳು ಅದನ್ನು ಬಳಸುತ್ತವೆ. 1996ರಲ್ಲಿ ಇದರ ರಚನೆಯೂ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ ಪ್ರಕಟವಾಯಿತು. ಲೆಕ್ಟಿನ್‌ಗಳಲ್ಲಿ ಅಲ್ಲಿಯವರೆಗೆ ಕಾಣದಿದ್ದ ಒಂದು ಮಡಿಕೆ ಅದರಲ್ಲಿ ಗೋಚರಿಸಿತು.

ಬೀಜಗಳಿಂದ ಕಲಿತದ್ದನ್ನು ವಿಜ್ಞಾನಿಗಳು ಮನುಷ್ಯದೇಹದಲ್ಲಿ ಹುಡುಕಿದಾಗ ದೇಹದ ಕೋಶಗಳ ಮೇಲೆಯೂ ಲೆಕ್ಟಿನ್‌ಗಳು ಕಂಡವು. ಗಿಲ್ಬರ್ಟ್ ಆಶ್ವೆಲ್ ಮತ್ತು ಅನಾಟೋಲ್ ಮೊರೆಲ್ 1970ರ ದಶಕದಲ್ಲಿ ವಿವರಿಸಿದ ಯಕೃತ್ತಿನ ಗ್ರಾಹಕವು, ಹೊರತುದಿಯನ್ನು ಕಳೆದುಕೊಂಡು ಗ್ಯಾಲಕ್ಟೋಸ್ ಬಯಲಾದ ರಕ್ತದ ಪ್ರೋಟೀನುಗಳನ್ನು ಹಿಡಿದು ಒಳಗೆಳೆದುಕೊಳ್ಳುತ್ತದೆ. ಗಾಯವಾದೆಡೆಯ ರಕ್ತನಾಳದ ಒಳಗೋಡೆಯಲ್ಲಿ ಸೆಲೆಕ್ಟಿನ್‌ಗಳು ತಲೆಯೆತ್ತಿ, ಹರಿದುಹೋಗುತ್ತಿರುವ ಬಿಳಿಕಣಗಳ ಸಕ್ಕರೆಯನ್ನು ಹಿಡಿದು ಬಿಟ್ಟು, ಮತ್ತೆ ಹಿಡಿದು, ಅವು ಉರುಳುತ್ತ ನಿಧಾನಿಸಿ ನಿಲ್ಲುವಂತೆ ಮಾಡುತ್ತವೆ. ಶಿಲೀಂಧ್ರಗಳ ಗೋಡೆಯ ಗ್ಲೂಕನ್ ಸರಪಳಿಯನ್ನು ಡೆಕ್ಟಿನ್-1 ಗುರುತಿಸುತ್ತದೆ. ರಕ್ತದಲ್ಲಿ ಸಂಚರಿಸುವ ಮ್ಯಾನೋಸ್-ಬಂಧಕ ಲೆಕ್ಟಿನ್ ರೋಗಾಣುಗಳ ಮೈಮೇಲಿನ ಮ್ಯಾನೋಸ್ ತುದಿಗಳನ್ನು ಹಿಡಿದು ಅವುಗಳನ್ನು ನಾಶಪಡಿಸುವ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಇದು ಕಡಿಮೆಯಿರುವ ಕೆಲವು ಮಕ್ಕಳಲ್ಲಿ ಸೋಂಕುಗಳು ಮರುಕಳಿಸುವುದು 1989ರಿಂದ ತಿಳಿದಿದೆ. ಇನ್ನು ಸಿಗ್ಲೆಕ್‌ಗಳೆಂಬ ಗ್ರಾಹಕಗಳು ದೇಹದ್ದೇ ಆದ ಸಯಾಲಿಕ್ ಆಮ್ಲವನ್ನು ಕಂಡು, ಇದು ನಮ್ಮದು ಎಂಬಂತೆ, ದಾಳಿಯನ್ನು ತಡೆಯುತ್ತವೆ. ಗುರುತಿನ ಈ ವ್ಯವಸ್ಥೆಯನ್ನು ವೈರಿಯೂ ಬಳಸಿಕೊಳ್ಳುತ್ತಾನೆ. ಇನ್‌ಫ್ಲುಯೆಂಜಾ ವೈರಾಣು ತನ್ನದೇ ಲೆಕ್ಟಿನ್ನಿನಿಂದ ಉಸಿರುನಾಳದ ಕೋಶಗಳ ಸಯಾಲಿಕ್ ಆಮ್ಲವನ್ನು ಹಿಡಿದು ಒಳನುಗ್ಗುತ್ತದೆ. ಎಚ್‌ಐವಿಯು ಕಾವಲು ಕೋಶಗಳ ಸಕ್ಕರೆಗ್ರಾಹಕವನ್ನೇ ವಾಹನವಾಗಿಸಿಕೊಳ್ಳಬಲ್ಲದೆಂದು 2000ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಈ ಹಂತದಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೀಜದ ಲೆಕ್ಟಿನ್ ರಕ್ತವನ್ನು ಗರಣೆಗಟ್ಟಿಸುವುದಾದರೆ, ತಲೆಮಾರುಗಳಿಂದ ಅದನ್ನೇ ಉಂಡವರ ಗತಿಯೇನು? ಉತ್ತರ ಒಲೆಯ ಮೇಲಿದೆ. ಚೆನ್ನಾಗಿ ಕುದಿಸಿದಾಗ ಕಾಳಿನ ಲೆಕ್ಟಿನ್ ತನ್ನ ಮಡಿಕೆಯನ್ನು ಕಳೆದುಕೊಂಡು ಸಕ್ಕರೆಯನ್ನು ಹಿಡಿಯಲಾರದಾಗುತ್ತದೆ. ಅರೆಬೆಂದ ಕೆಂಪುಕಾಳು ವಾಂತಿ ಭೇದಿಗಳನ್ನು ತರುವುದು ದಾಖಲಾದ ಸಂಗತಿ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದಕಾಳು ಕೊಟ್ಟದ್ದರಿಂದ ಬೆಂದಕಾಳೂರು ಆಯಿತೆಂಬ ಐತಿಹ್ಯ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಸುಮಾರು 890ರ ಬೇಗೂರಿನ ಶಾಸನದಲ್ಲಿಯೇ ಬೆಂಗಳೂರು ಎಂಬ ಹೆಸರಿರುವುದರಿಂದ ಸ್ಥಳನಾಮದ ಚರಿತ್ರೆಯಾಗಿ ಈ ಕಥೆ ನಿಲ್ಲುವುದಿಲ್ಲ. ಆದರೂ ಆಹಾರದ ಚರಿತ್ರೆಯಾಗಿ ಅದರಲ್ಲಿ ತಿರುಳಿದೆ: ಹಸಿದ ಅತಿಥಿಗೆ ಬಡಮನೆಯಲ್ಲಿ ಸಿಕ್ಕಿದ್ದು ಕಾಳು, ಅದೂ ಬೆಂದದ್ದು.

ಇಷ್ಟರಿಂದ ಜನಪದರಿಗೆ ಲೆಕ್ಟಿನ್ ಗೊತ್ತಿತ್ತು ಎಂದು ಸಾರುವುದು ಅಧ್ಯಯನವಾಗಲಾರದು. ಅಂಥ ಬರೆಹಗಳು ಇತ್ತೀಚೆಗೆ ಹೆಚ್ಚುತ್ತಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಕಾಳು ಬೇಯಿಸಿದ ನೀರನ್ನು ಚೆಲ್ಲುವುದು ವಿಷವನ್ನು ಕಳೆಯಲೆಂದು ಕೆಲವರು ವಿವರಿಸುವುದುಂಟು. ಈ ಸೀಮೆಯ ಬಸ್ಸಾರಿನಲ್ಲಿ ಬಸಿದ ನೀರೇ ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ, ಯಾವುದನ್ನೂ ಚೆಲ್ಲುವುದಿಲ್ಲ. ಕೆಲಸ ಮಾಡುವುದು ಬೆಂಕಿ, ಬಸಿಯುವಿಕೆಯಲ್ಲ. ಹೊಲದಲ್ಲಿ ಕಿತ್ತ ಹಸಿ ಕಡಲೆಕಾಯಿಯನ್ನು ಎಲ್ಲರೂ ತಿನ್ನುತ್ತಾರೆ, ಹುರಿದ ಕಡಲೆಕಾಯಿಯಲ್ಲಿಯೂ ಸ್ವಲ್ಪ ಲೆಕ್ಟಿನ್ ಸಕ್ರಿಯವಾಗಿ ಉಳಿಯುತ್ತದೆ. ಅಡುಗೆಯ ಪದ್ಧತಿಗಳು ರುಚಿ, ಸೌದೆ, ಹೊಟ್ಟೆಯ ಅನುಭವ ಇವುಗಳಿಂದ ರೂಪುಗೊಂಡವು. ಅವುಗಳ ಬೆಲೆ ಅವುಗಳ ಪರೀಕ್ಷಿತತೆಯಲ್ಲಿದೆ, ಆಧುನಿಕ ಶಾಸ್ತ್ರವನ್ನು ಮೊದಲೇ ಹೇಳಿದವೆಂಬುದರಲ್ಲಿ ಅಲ್ಲ.

ಅವರೆಯ ವಿಷಯದಲ್ಲಿ ಇದೇ ಎಚ್ಚರ ಇನ್ನೂ ಅಗತ್ಯ. ಸೊಗಡಿನ ಅವರೆ ಚಳಿಗಾಲದ ಬೆಳೆ. ಹಗಲು ಕಿರಿದಾದಾಗ ಮಾತ್ರ ಹೂಬಿಡುವುದು ನಾಡತಳಿಯ ಸ್ವಭಾವ. ಸಂಕ್ರಾಂತಿಯ ದಿನ ಅವರೆಕಾಯಿ, ಕಡಲೆಕಾಯಿ, ಗೆಣಸು ಒಟ್ಟಿಗೆ ಬೇಯುತ್ತವೆ, ಹಿತಕಿದ ಬೇಳೆಯ ಸಾರು ನೆಂಟರಿಗೆ ಕಾಯುತ್ತದೆ. ಈ ಅವರೆಯ ಬೀಜದಲ್ಲಿರುವ ಫ್ರಿಲ್ ಎಂಬ ಲೆಕ್ಟಿನ್ನು, ರಕ್ತವನ್ನು ಹುಟ್ಟಿಸುವ ಮೂಲಕೋಶಗಳನ್ನು ಪ್ರಯೋಗಶಾಲೆಯಲ್ಲಿ ಜೋಪಾನವಾಗಿ ಉಳಿಸಬಲ್ಲದೆಂದು 1999ರಲ್ಲಿ ಪ್ರಕಟವಾಯಿತು. 2020ರಲ್ಲಿ ತೈವಾನಿನ ಸಂಶೋಧಕರು, ಅದು ಇನ್‌ಫ್ಲುಯೆಂಜಾ ಮತ್ತು ಕೊರೊನಾ ವೈರಾಣುಗಳ ಹೊರಮೈಯ ಸಕ್ಕರೆಗಳನ್ನು ಹಿಡಿದು ಸೋಂಕನ್ನು ತಡೆಯುವುದನ್ನು ವರದಿ ಮಾಡಿದರು. ಇನ್‌ಫ್ಲುಯೆಂಜಾ ಪ್ರಯೋಗದಲ್ಲಿ ಇಲಿಗಳ ಮೂಗಿಗೆ ಶುದ್ಧೀಕರಿಸಿದ ಪ್ರೋಟೀನನ್ನು ಕೊಡಲಾಗಿತ್ತು. ಕೊರೊನಾ ವೈರಾಣುವಿನ ಪರೀಕ್ಷೆ ನಡೆದದ್ದು ಪ್ರಯೋಗಶಾಲೆಯ ಕೋಶಗಳ ಮೇಲೆ. ಅವರೆಕಾಳಿನ ಸಾರು ಉಂಡವರಿಗೆ ಇದರಿಂದ ರಕ್ಷಣೆಯೇನೂ ದೊರೆಯದು. ಬೆಂದ ಕಾಳಿನಲ್ಲಿ ಫ್ರಿಲ್ ತನ್ನ ಶಕ್ತಿಯನ್ನು ಕಳೆದುಕೊಂಡಿರುತ್ತದೆ.

ಬೀಜದೊಳಗಿನ ಲೆಕ್ಟಿನ್‌ನ ಪ್ರಮಾಣ ತಳಿಯಿಂದ ತಳಿಗೆ ವ್ಯತ್ಯಾಸವಾಗುವುದು ದ್ವಿದಳ ಧಾನ್ಯಗಳಲ್ಲಿ ಸಾಮಾನ್ಯ. ಆದ್ದರಿಂದ ನಾಡತಳಿಗಳ ಉಳಿವು ಜಾನಪದದ ವಿಷಯವಾದಷ್ಟೇ ಜೀವವಿಜ್ಞಾನದ ವಿಷಯವೂ ಹೌದು. ಬೂದಿ, ಬೇವಿನ ಸೊಪ್ಪುಗಳೊಡನೆ ಮಡಕೆಯಲ್ಲಿ ಬೀಜವನ್ನು ಕಾಪಾಡಿ ನೆರೆಹೊರೆಗೆ ಎಣಿಸಿ ಕೊಡುತ್ತಿದ್ದವರು ಮನೆಯ ಹೆಂಗಸರು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಬಿಡುಗಡೆ ಮಾಡಿದ ಹೆಬ್ಬಾಳ ಅವರೆಯ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷವಿಡೀ ಕಾಯಿಬಿಡುತ್ತವೆ. ರೈತರಿಗೆ ಅವುಗಳಿಂದ ಆದಾಯವಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಅವು ಒಂಟಿ ಬೆಳೆಯಾಗಿ ಬಂದಲ್ಲೆಲ್ಲ ಅಕ್ಕಡಿ ಸಾಲು ಸರಿದಿದೆ. ಅದಕ್ಕಿಂತ ಮಿಗಿಲಾದ ಒತ್ತಡ ನೆಲದ್ದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ಪ್ರಾರಂಭವಾದ ನಂತರ ಸುತ್ತಲಿನ ಹೊಲಗಳು ಬಡಾವಣೆಗಳಾಗಿ, ಕೈಗಾರಿಕಾ ಪ್ರದೇಶಗಳಾಗಿ ಮಾರ್ಪಟ್ಟವು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನಿನ ಸ್ವಾಧೀನವನ್ನು, 2022ರಿಂದ ರೈತರು ನಡೆಸಿದ ಧರಣಿಯ ತರುವಾಯ, 2025ರ ಜುಲೈಯಲ್ಲಿ ಸರ್ಕಾರ ಕೈಬಿಡುವುದಾಗಿ ಘೋಷಿಸಿತು. ಆ ಹೋಬಳಿಯೂ ಸೇರಿದಂತೆ ಬೇಸಾಯ ಇನ್ನೂ ಉಳಿದಿರುವ ಹಳ್ಳಿಗಳಲ್ಲಿ ಅವರೆ ಹುರುಳಿಗಳ ನಾಡತಳಿಗಳನ್ನು, ಅವುಗಳ ಸ್ಥಳೀಯ ಹೆಸರು, ಬಿತ್ತುವ ಮಳೆ, ಬೇಯುವ ಹೊತ್ತು, ಬಳಕೆಯ ವಿವರಗಳೊಂದಿಗೆ ದಾಖಲಿಸುವ ಕೆಲಸವನ್ನು ಜಾನಪದ ವಿದ್ಯಾರ್ಥಿಗಳೂ ಸಸ್ಯವಿಜ್ಞಾನದ ವಿದ್ಯಾರ್ಥಿಗಳೂ ಒಟ್ಟಿಗೆ ಕೈಗೊಳ್ಳಬೇಕಾಗಿದೆ. ಬೀಜ ಕಾಪಾಡಿದ ಹಿರಿಯ ಹೆಂಗಸರು ಇರುವಾಗಲೇ ಅದು ನಡೆಯಬೇಕು.